ಯಂತ್ರವನ್ನು ಆರಿಸುವ ಅಧಿಕಾರ

ನಮ್ಮ ಕೆಲವು ಮನೆಗಳಲ್ಲಿ ದೀಪವನ್ನು ಆರಿಸು ಎನ್ನುವುದಿಲ್ಲ. ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಆರಿಸುವುದೆಂಬ ಮಾತಿನಲ್ಲಿ ಏನೋ ಅಮಂಗಳವಿದೆಯೆಂದು ಹಿರಿಯರ ಭಾವನೆ. ಮಾತು ಯಾವುದೇ ಇರಲಿ, ಆ ಕೆಲಸ ಮಾಡುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. ದೀಪವಾಗಲಿ, ಫ್ಯಾನಾಗಲಿ, ರೇಡಿಯೋ ಆಗಲಿ, ಹತ್ತಿರ ಇದ್ದವರು ಕೈ ಚಾಚಿ ಗುಂಡಿ ಒತ್ತಿದರೆ ಮುಗಿಯಿತು. ಕಂಪ್ಯೂಟರು ಬೇರೆ ಜಾತಿಯದು. ಅದರಲ್ಲಿಯೂ ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುವ ಕಂಪ್ಯೂಟರಿಗೆ ಸಾಮಾನ್ಯ ಬಳಕೆದಾರನೊಬ್ಬ ‘ಇನ್ನು ನಿಲ್ಲು’ ಎಂದು ಹೇಳಿದರೆ, ‘ಹಾಗೆ ಹೇಳುವ ಅಧಿಕಾರ ನಿನಗಿಲ್ಲ’ ಎಂದು ಅದು ಬಹುಕಾಲ ಉತ್ತರ ಕೊಡುತ್ತಿತ್ತು. ಮನೆಯಲ್ಲಿ ತನ್ನದೇ ದುಡ್ಡಿನಲ್ಲಿ ತಂದಿಟ್ಟುಕೊಂಡ ಯಂತ್ರವೂ ಹೀಗೆಯೇ ಹೇಳುತ್ತಿತ್ತೆಂಬುದು ವಿಚಿತ್ರವಾಗಿ ಕಾಣಬಹುದು.

ಈಗ ಪರದೆಯ ಮೂಲೆಯ ಪಟ್ಟಿಯಲ್ಲಿ ‘ಪವರ್ ಆಫ್’ ಎಂಬುದನ್ನು ಒತ್ತಿದರೆ ಯಂತ್ರ ಗುಪ್ತಪದವನ್ನು ಕೇಳದೆ, ತಕರಾರು ಮಾಡದೆ, ತನ್ನ ಸರಂಜಾಮನ್ನೆಲ್ಲ ಕಟ್ಟಿಟ್ಟು ಮಲಗುತ್ತದೆ. ಒಂದು ಗುಂಡಿ ಇಷ್ಟು ಸಲೀಸಾಗುವುದಕ್ಕೆ ಸುಮಾರು ನಾಲ್ಕು ದಶಕಗಳು ಹಿಡಿದವು. ಆ ನಾಲ್ಕು ದಶಕಗಳಲ್ಲಿ ನಡೆದ ವಾದವೆಲ್ಲ ಒಂದೇ ಪ್ರಶ್ನೆಯನ್ನು ಸುತ್ತಿದೆ: ಹಲವರು ಕೆಲಸ ಮಾಡುವ ಯಂತ್ರವನ್ನು ನಿಲ್ಲಿಸುವ ಹಕ್ಕು ಯಾರದು? ನನಗೆ ಈ ಚರಿತ್ರೆ ರುಚಿಸುವುದು ಇದರಿಂದಲೇ. ಇದರಲ್ಲಿ ತಂತ್ರ ಎಷ್ಟಿದೆಯೋ ರಾಜಕೀಯವೂ ಅಷ್ಟೇ ಇದೆ.

ಮೊದಮೊದಲು ಈ ಪ್ರಶ್ನೆಯೇ ಇರಲಿಲ್ಲ. 1950ರ ದಶಕದ ಕಂಪ್ಯೂಟರು ಒಂದು ದೊಡ್ಡ ಕೋಣೆಯನ್ನು ತುಂಬುವ ವಸ್ತು. ಅದನ್ನು ಮುಟ್ಟುವವರು ಅದರ ನಿರ್ವಾಹಕರು ಮಾತ್ರ. ಉಳಿದವರು ತಮ್ಮ ಲೆಕ್ಕವನ್ನು ತೂತು ಹೊಡೆದ ಕಾರ್ಡುಗಳಲ್ಲಿ ಬರೆಸಿ ಕಿಟಕಿಯಲ್ಲಿ ಕೊಟ್ಟು, ಮಾರನೆಯ ದಿನ ಬಂದು ಉತ್ತರ ತೆಗೆದುಕೊಂಡು ಹೋಗಬೇಕು. ಗರ್ಭಗುಡಿಯ ಬಾಗಿಲು ಹಾಕುವುದು ಅರ್ಚಕರ ಕೆಲಸ. ಭಕ್ತರಿಗೆ ಅದರ ಯೋಚನೆ ಏಕೆ? 1961ರ ನವೆಂಬರಿನಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೋ ಕೊರ್ಬಾಟೋ ಎಂಬ ವಿಜ್ಞಾನಿಯೂ ಅವನ ಸಂಗಡಿಗರೂ ಹೊಸ ಏರ್ಪಾಡೊಂದನ್ನು ಮಾಡಿ ತೋರಿಸಿದರು. ಒಂದೇ ಯಂತ್ರಕ್ಕೆ ಹಲವು ಟೈಪ್‌ರೈಟರುಗಳಂಥ ಸಾಧನಗಳನ್ನು ಜೋಡಿಸಿ, ಯಂತ್ರ ತನ್ನ ಕಾಲವನ್ನು ಚೂರುಚೂರಾಗಿ ಎಲ್ಲರಿಗೂ ಹಂಚುವಂತೆ ಮಾಡಿದರು. ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೇ ಎನ್ನಿಸುತ್ತಿತ್ತು. ಆ ಕ್ಷಣದಿಂದ ‘ಆರಿಸುವುದು’ ತೊಡಕಿನ ವಿಷಯವಾಯಿತು. ಒಬ್ಬನ ಕೆಲಸ ಮುಗಿದಿದ್ದರೆ ಇನ್ನೊಬ್ಬನದು ಅರ್ಧದಲ್ಲಿರುತ್ತದೆಯಲ್ಲ!

ಈ ತೊಡಕಿಗೆ ಒಂದಕ್ಕೊಂದು ತೀರ ವಿರುದ್ಧವಾದ ಎರಡು ಉತ್ತರಗಳು ಹುಟ್ಟಿದವು.

ಮೊದಲನೆಯ ಉತ್ತರ ಅದೇ ಎಂ.ಐ.ಟಿ.ಯ ಕೃತಕ ಬುದ್ಧಿಯ ಪ್ರಯೋಗಾಲಯದ್ದು. ಅಲ್ಲಿಯ ತರುಣರು 1960ರ ದಶಕದ ಉತ್ತರಾರ್ಧದಲ್ಲಿ ಐ.ಟಿ.ಎಸ್. ಎಂಬ ತಮ್ಮದೇ ವ್ಯವಸ್ಥೆಯನ್ನು ಕಟ್ಟಿದರು. ಅದರಲ್ಲಿ ಗುಪ್ತಪದದ ಕಾಟವಿರಲಿಲ್ಲ. ಒಬ್ಬರ ಕಡತವನ್ನು ಇನ್ನೊಬ್ಬರು ನೋಡಬಹುದಾಗಿತ್ತು, ತಿದ್ದಬಹುದಾಗಿತ್ತು. ಇಡೀ ಯಂತ್ರವನ್ನೇ ಕೆಡವಬೇಕೆಂದು ಯಾರಿಗಾದರೂ ಮನಸ್ಸಾದರೆ ಅದಕ್ಕೂ ಒಂದು ಆಜ್ಞೆಯನ್ನು ಎಲ್ಲರ ಕೈಗೆಟುಕುವಂತೆ ಇಟ್ಟಿದ್ದರು: ‘ಕಿಲ್ ಸಿಸ್ಟಮ್’. ಇದರ ಹಿಂದೆ ಒಂದು ಜಾಣತನವಿತ್ತು. ಯಂತ್ರವನ್ನು ಕೆಡವುವುದೇ ದೊಡ್ಡ ಸಾಹಸವೆಂದು ಹುಡುಗರು ತಿಳಿಯುತ್ತಿದ್ದರು. ಬೀಗ ಹಾಕಿದ ಪೆಟ್ಟಿಗೆಯನ್ನು ಕಂಡರೆ ತೆರೆಯಬೇಕೆನ್ನಿಸುತ್ತದೆ. ಬಾಯಿ ತೆರೆದೇ ಇಟ್ಟ ಪೆಟ್ಟಿಗೆಯಲ್ಲಿ ಯಾರಿಗೆ ಆಸಕ್ತಿ? ಒಂದೇ ಆಜ್ಞೆಯಿಂದ ಆಗುವ ಕೆಲಸದಲ್ಲಿ ಸಾಹಸವೇನು ಬಂತು? ಅಲ್ಲಿದ್ದವರು ಕೆಲವೇ ಮಂದಿ, ಒಬ್ಬರನ್ನೊಬ್ಬರು ಬಲ್ಲವರು. ಆದ್ದರಿಂದ ಆ ಏರ್ಪಾಡು ನಡೆಯಿತು.

ಎರಡನೆಯ ಉತ್ತರ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದ್ದು. 1969ರಲ್ಲಿ ಅಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ, ಯಾರೂ ಹೆಚ್ಚಾಗಿ ಬಳಸದ ಪಿ.ಡಿ.ಪಿ.-7 ಎಂಬ ಸಣ್ಣ ಯಂತ್ರದ ಮೇಲೆ ಯುನಿಕ್ಸ್ ವ್ಯವಸ್ಥೆಯ ಮೊದಲ ಕಲ್ಲನ್ನಿಟ್ಟರು. ಯುನಿಕ್ಸಿನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಅಂಕಿ. ಸೊನ್ನೆ ಎಂಬ ಅಂಕಿಯುಳ್ಳವನು ಮಾತ್ರ ಸರ್ವಾಧಿಕಾರಿ. ಅವನ ಹೆಸರು ‘ರೂಟ್’, ಎಂದರೆ ಬೇರು. ಅವನಿಗೆ ಯಾವ ಬಾಗಿಲೂ ಮುಚ್ಚಿಲ್ಲ; ಉಳಿದವರಿಗೆ ಅವರವರ ಅಂಗಳ ಅವರವರಿಗೆ. ಯಂತ್ರವನ್ನು ನಿಲ್ಲಿಸುವುದು ಎಲ್ಲರ ಅಂಗಳಕ್ಕೂ ತಟ್ಟುವ ಕೆಲಸ. ಆದ್ದರಿಂದ ಅದು ರೂಟನದೇ. ಈ ಏರ್ಪಾಡಿನಲ್ಲಿ ರಾಜನೊಬ್ಬ, ಪ್ರಜೆಗಳು ಹಲವರು. ನಡುವೆ ಮಂತ್ರಿಯಿಲ್ಲ, ಅಮಲ್ದಾರನಿಲ್ಲ, ಶಾನುಭೋಗನೂ ಇಲ್ಲ. ಮುಂದಿನ ಐವತ್ತು ವರ್ಷಗಳ ತಾಪತ್ರಯವೆಲ್ಲ ಈ ನಡುವಣ ಖಾಲಿ ಜಾಗದಿಂದ ಹುಟ್ಟಿತೆಂದು ನನಗೆ ತೋರುತ್ತದೆ.

ಆದರೆ ಒಂದು ವಿಷಯ. ನಿಲ್ಲಿಸುವುದಕ್ಕೆ ಇಷ್ಟೆಲ್ಲ ಶಾಸ್ತ್ರವೇಕೆ, ಗೋಡೆಯ ಸ್ವಿಚ್ಚನ್ನು ತೆಗೆದರೆ ಸಾಲದೆ ಎಂದು ಯಾರಾದರೂ ಕೇಳಿಯಾರು. ಅಂಗಡಿಯ ಶೆಟ್ಟರನ್ನು ಜ್ಞಾಪಿಸಿಕೊಳ್ಳಿ. ವ್ಯಾಪಾರ ಭರದಿಂದ ನಡೆಯುತ್ತಿರುವಾಗ ಪ್ರತಿಯೊಂದು ಬಾಬನ್ನೂ ಅವರು ಖಿರ್ದಿ ಪುಸ್ತಕಕ್ಕೆ ಏರಿಸುತ್ತ ಕೂರುವುದಿಲ್ಲ. ಕೆಲವನ್ನು ಚೀಟಿಯಲ್ಲಿ ಗೀಚಿಕೊಳ್ಳುತ್ತಾರೆ, ಕೆಲವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಸ್ವಲ್ಪ ಬಿಡುವು ಸಿಕ್ಕಿದಾಗ ಎಲ್ಲವನ್ನೂ ಒಟ್ಟಿಗೆ ಬರೆಯುತ್ತಾರೆ. ಕಂಪ್ಯೂಟರೂ ಹಾಗೆಯೇ. ತಟ್ಟೆಯ ಮೇಲೆ ಬರೆಯುವುದು ನಿಧಾನದ ಕೆಲಸ. ಆದ್ದರಿಂದ ಬರೆಯಬೇಕಾದುದನ್ನು ಅದು ಸ್ವಲ್ಪ ಹೊತ್ತು ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಹಳೆಯ ಯುನಿಕ್ಸಿನಲ್ಲಿ ‘ಅಪ್‌ಡೇಟ್’ ಎಂಬ ಸೇವಕನೊಬ್ಬ 30 ಸೆಕೆಂಡಿಗೊಮ್ಮೆ ಬಂದು ನೆನಪಿನಲ್ಲಿದ್ದುದನ್ನು ತಟ್ಟೆಗೆ ಬರೆಸುತ್ತಿದ್ದ. ಆ 30 ಸೆಕೆಂಡಿನ ನಡುವೆ ವಿದ್ಯುತ್ತು ಹೋಯಿತೋ, ಬರೆಯದೆ ಉಳಿದದ್ದು ಹೋಯಿತು. ಅದಕ್ಕಿಂತ ಕೇಡು, ಅರ್ಧ ಬರೆದದ್ದು ಉಳಿಯಿತು: ಜಮೆಯಲ್ಲಿ ಬಂದ ಮೊತ್ತ ಖರ್ಚಿನಲ್ಲಿ ಕಾಣದು, ಒಂದೇ ಜಾಗವನ್ನು ಇಬ್ಬರಿಗೆ ಕ್ರಯ ಮಾಡಿಕೊಟ್ಟಂತೆ ಲೆಕ್ಕ ಬರುವುದು. ಇಂಥ ಹರಿದ ಲೆಕ್ಕವನ್ನು ಸರಿಪಡಿಸುವುದಕ್ಕೆ ಮೊದಲು ತಜ್ಞರೇ ಕೈಯಾರೆ ಪ್ರಯಾಸ ಪಡಬೇಕಾಗಿತ್ತು. 1970ರ ದಶಕದ ಕೊನೆಗೆ ಕೊವಾಲ್ಸ್ಕಿ ಎಂಬಾತ ‘ಎಫ್.ಎಸ್.ಸಿ.ಕೆ.’ ಎಂಬ ತಪಾಸಣೆಯ ಪ್ರೋಗ್ರಾಮನ್ನು ಬರೆದ ಮೇಲೆ ಈ ಕಷ್ಟ ಎಷ್ಟೋ ಕಡಿಮೆಯಾಯಿತು.

ನೆನಪಿನಲ್ಲಿದ್ದುದನ್ನು ಈಗಲೇ ಬರೆ ಎಂದು ಹೇಳುವ ಆಜ್ಞೆಗೆ ‘ಸಿಂಕ್’ ಎಂದು ಹೆಸರು. ಯಂತ್ರವನ್ನು ನಿಲ್ಲಿಸುವ ಮುಂಚೆ ಇದನ್ನು ಮೂರು ಸಲ ಟೈಪು ಮಾಡಬೇಕೆಂಬ ಸಂಪ್ರದಾಯವೊಂದು ಹಳೆಯ ಯುನಿಕ್ಸ್ ಮಂದಿಯಲ್ಲಿತ್ತು. ಮೂರು ಸಲ ಏಕೆ, ಮೂರು ಸಲ ಆಚಮನ ಮಾಡುವಂತೆ ಇದೂ ಒಂದು ಶಾಸ್ತ್ರವೋ ಎಂದು ಹೊಸಬರು ನಗುತ್ತಿದ್ದರು. ಅದಕ್ಕೆ ಅರ್ಥವಿತ್ತು. ಆಗಿನ ಸಿಂಕ್ ಆಜ್ಞೆ ‘ಬರೆಯಲು ಹೇಳಿದ್ದೇನೆ’ ಎಂದು ಕೂಡಲೇ ಮರಳಿಬಿಡುತ್ತಿತ್ತು. ಬರೆದು ಮುಗಿಯುವ ತನಕ ಕಾಯುತ್ತಿರಲಿಲ್ಲ. ಅದನ್ನೇ ಮೂರು ಸಾಲುಗಳಲ್ಲಿ ಮೂರು ಸಲ ಟೈಪು ಮಾಡುವಷ್ಟರಲ್ಲಿ ತಟ್ಟೆಯ ಕೆಲಸ ಮುಗಿದಿರುತ್ತಿತ್ತು. ಆಜ್ಞೆಗಿಂತ ಆ ಬೆರಳುಗಳ ನಿಧಾನವೇ ಮುಖ್ಯ. ಒಂದೇ ಸಾಲಿನಲ್ಲಿ ಮೂರನ್ನೂ ಒತ್ತೊತ್ತಾಗಿ ಬರೆದು ಹಾಕಿದವನಿಗೆ ಆ ಫಲ ಸಿಗುತ್ತಿರಲಿಲ್ಲ. ಮುಂದೆ ಲಿನಕ್ಸಿನಲ್ಲಿ ಸಿಂಕ್ ಬರೆದು ಮುಗಿಯುವವರೆಗೆ ಕಾಯುವಂತಾಯಿತು. ಆದರೂ ಮೂರು ಸಲ ಒತ್ತುವ ಹಿರಿಯರು ಇನ್ನೂ ಇದ್ದಾರೆ.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಸಿಂಕ್ ಹೇಳುವುದಕ್ಕೆ ರೂಟನ ಅಪ್ಪಣೆ ಎಂದೂ ಬೇಕಿರಲಿಲ್ಲ. ಯಾರು ಬೇಕಾದರೂ ಎಲ್ಲರ ಲೆಕ್ಕವನ್ನೂ ಬರೆಸಿಡಬಹುದು. ಉಳಿಸುವ ಹಕ್ಕು ಸರ್ವರದು, ನಿಲ್ಲಿಸುವ ಹಕ್ಕು ಒಬ್ಬನದು. ಯುನಿಕ್ಸನ್ನು ಕಟ್ಟಿದವರು ಇದನ್ನು ಯೋಚಿಸಿಯೇ ಮಾಡಿದರೋ ಸಹಜವಾಗಿ ಬಂದಿತೋ, ವಿಂಗಡಣೆ ಮಾತ್ರ ಸೊಗಸಾಗಿದೆ.

ನಿಲ್ಲಿಸುವುದಕ್ಕೆಂದೇ ‘ಷಟ್‌ಡೌನ್’ ಎಂಬ ಆಜ್ಞೆ ಬಂದದ್ದು 1980ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದವರು ಹೊರಡಿಸಿದ ಯುನಿಕ್ಸಿನ ನಾಲ್ಕನೆಯ ಆವೃತ್ತಿಯಲ್ಲಿ. ಇದು ಬಹಳ ಸಭ್ಯವಾದ ಆಜ್ಞೆ. ಇಷ್ಟು ಗಂಟೆಗೆ ಯಂತ್ರ ನಿಲ್ಲುತ್ತದೆಂದು ಎಲ್ಲರ ಪರದೆಯ ಮೇಲೂ ಡಂಗುರ ಸಾರುತ್ತದೆ. ವೇಳೆ ಸಮೀಪಿಸಿದಂತೆ ಡಂಗುರವೂ ಹೆಚ್ಚುತ್ತದೆ. ಕೊನೆಯ ಐದು ನಿಮಿಷ ಹೊಸಬರನ್ನು ಒಳಗೆ ಬಿಡುವುದಿಲ್ಲ. ಈ ಆಜ್ಞೆಯ ಕೈಪಿಡಿಯನ್ನು ಬರೆದವರು ಆ ಕೊನೆಗಳಿಗೆಯನ್ನು ತಮಾಷೆಗಾಗಿ ಪ್ರಳಯವೆಂದೇ ಕರೆದಿದ್ದಾರೆ. ಪ್ರಳಯಕ್ಕೆ ಮುಂಚಿತವಾಗಿ ನೋಟೀಸು ಕೊಡುವ ದೇವರು ಇನ್ನೆಲ್ಲಿ ಸಿಗಬೇಕು?

ಈಗ ಆಡಳಿತದ ತೊಂದರೆ ಶುರುವಾಯಿತು. ರಾತ್ರಿಯ ಪಾಳಿಯಲ್ಲಿ ಒಬ್ಬ ನಿರ್ವಾಹಕನಿರುತ್ತಾನೆ. ಯಂತ್ರವನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸಬೇಕಾದವನು ಅವನು. ಅದಕ್ಕಾಗಿ ಅವನಿಗೆ ರೂಟನ ಗುಪ್ತಪದ ಕೊಟ್ಟರೆ ಎಲ್ಲರ ಕಾಗದ ಪತ್ರಗಳ ಬೀಗದ ಕೈಯನ್ನೂ ಕೊಟ್ಟಂತಾಯಿತು. ಬಾಗಿಲು ಹಾಕಿಕೊಂಡು ಹೋಗುವ ಜವಾನನಿಗೆ ಖಜಾನೆಯ ಕೀಲಿಯನ್ನೂ ಒಪ್ಪಿಸಿದ ಹಾಗೆ. ಕೊಡದಿದ್ದರೆ ಅವನಿಂದ ಕೆಲಸವಾಗದು.

ಇದಕ್ಕೆ ಔಷಧವನ್ನು ರಿಚಿಯೇ ಮೊದಲೇ ಸಿದ್ಧ ಮಾಡಿಟ್ಟಿದ್ದ. ಒಂದು ಪ್ರೋಗ್ರಾಮಿಗೆ ಒಂದು ಗುರುತು ಹಾಕಿದರೆ, ಅದನ್ನು ಯಾರೇ ಓಡಿಸಲಿ, ಅದು ತನ್ನ ಒಡೆಯನ ಅಧಿಕಾರದಿಂದ ಓಡುತ್ತದೆ. ಒಡೆಯ ರೂಟ್ ಆಗಿದ್ದರೆ ಆ ಒಂದು ಕೆಲಸದ ಮಟ್ಟಿಗೆ ಪ್ರಜೆಯೂ ರಾಜನೇ. ‘ಸೆಟ್ ಯುಐಡಿ’ ಎಂಬ ಈ ಉಪಾಯಕ್ಕೆ ರಿಚಿ 1973ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1979ರಲ್ಲಿ ಅದು ದೊರೆಯಿತು. ಬೆಲ್ ಸಂಸ್ಥೆಯವರು ಅನಂತರ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಒಂದೇ ಒಂದು ಬಿಟ್ಟಿನ ಈ ಉಪಾಯ ಯುನಿಕ್ಸಿನ ಅತ್ಯಂತ ಜಾಣ ಕಲ್ಪನೆಯೆಂದೂ ಅತ್ಯಂತ ಅಪಾಯದ ಕಲ್ಪನೆಯೆಂದೂ ಹೇಳುವವರಿದ್ದಾರೆ. ಎರಡೂ ನಿಜವೆಂದೇ ನನ್ನ ಮತ. ಬರ್ಕ್ಲಿ ಸಂತತಿಯ ಫ್ರೀ ಬಿ.ಎಸ್.ಡಿ. ವ್ಯವಸ್ಥೆಯಲ್ಲಿ ಷಟ್‌ಡೌನ್ ಪ್ರೋಗ್ರಾಮಿಗೆ ಈ ಗುರುತು ಇದೆ. ಅದನ್ನು ಓಡಿಸಲು ‘ಆಪರೇಟರ್’ ಎಂಬ ಗುಂಪಿನವರಿಗೆ ಅನುಮತಿಯಿದೆ. ಗುಂಪಿಗೆ ಸೇರಿಸಿದರೆ ಸಾಕು, ಗುಪ್ತಪದದ ಮಾತಿಲ್ಲ.

ಇನ್ನು ಕೆಲವರು ಬೇರೊಂದು ತಮಾಷೆಯ ದಾರಿ ಹಿಡಿದರು. ಬಳಕೆದಾರರ ಪಟ್ಟಿಯಲ್ಲಿ ‘ಷಟ್‌ಡೌನ್’ ಎಂಬ ಹೆಸರಿನವನನ್ನೇ ಸೃಷ್ಟಿಸಿದರು. ಆ ಹೆಸರಿನಿಂದ ಒಳಗೆ ಬಂದವನಿಗೆ ಬೇರೆ ಏನೂ ಸಿಗುವುದಿಲ್ಲ. ಬಂದ ಕೂಡಲೇ ಯಂತ್ರ ಮುಚ್ಚುವ ಪ್ರೋಗ್ರಾಮು ಓಡುತ್ತದೆ. ಬರುವುದೇ ಹೋಗುವುದಕ್ಕೆ! ‘ಸಿಂಕ್’, ‘ಹಾಲ್ಟ್’ ಎಂಬ ಅವನ ಅಣ್ಣತಮ್ಮಂದಿರೂ ಇದ್ದರು. ರೆಡ್ ಹ್ಯಾಟ್ ಲಿನಕ್ಸಿನ ಪಟ್ಟಿಯಲ್ಲಿ ಈ ಮೂವರೂ ಪಳೆಯುಳಿಕೆಗಳಂತೆ ಉಳಿದುಕೊಂಡು ಬಂದರು. ನ್ಯೂಯಾರ್ಕ್ ರಾಜ್ಯದ ಬಫೆಲೊ ವಿಶ್ವವಿದ್ಯಾನಿಲಯದಲ್ಲಿ 1980ರ ಸುಮಾರಿಗೆ ಕಾಗ್ಸ್‌ಹಾಲ್ ಮತ್ತು ಸ್ಪೆನ್ಸರ್ ಎಂಬಿಬ್ಬರು ‘ಸುಡೊ’ ಎಂಬುದನ್ನು ಬರೆದರು. ಯಾರು ಯಾವ ಆಜ್ಞೆಯನ್ನು ರೂಟನ ಹೆಸರಿನಲ್ಲಿ ಕೊಡಬಹುದೆಂದು ಒಂದು ಕಡತದಲ್ಲಿ ಬರೆದಿಟ್ಟರೆ ಅಷ್ಟಕ್ಕೆ ಮಾತ್ರ ಅದು ಬಾಗಿಲು ತೆಗೆಯುತ್ತದೆ. ರಾಜನಿಗೂ ಪ್ರಜೆಗೂ ನಡುವೆ ಅಮಲ್ದಾರ ಬಂದದ್ದು ಹೀಗೆ. ಇಂದಿಗೂ ಲಿನಕ್ಸಿನಲ್ಲಿ ‘ಈ ಗುಂಪಿನವರು ಗುಪ್ತಪದವಿಲ್ಲದೆ ಷಟ್‌ಡೌನ್ ಮಾಡಬಹುದು’ ಎಂದು ಒಂದು ಸಾಲು ಬರೆದಿಡುವುದುಂಟು.

ಅಧಿಕಾರವನ್ನು ಹಂಚುವುದಕ್ಕೆ ಎಲ್ಲರೂ ಒಪ್ಪಿದ್ದರೆಂದಲ್ಲ. ಅಧಿಕಾರವೇ ಇರಬಾರದೆನ್ನುವವರೂ ಇದ್ದರು. ಮೊದಲು ಹೇಳಿದ ಎಂ.ಐ.ಟಿ. ಪ್ರಯೋಗಾಲಯದಲ್ಲಿ ಬೆಳೆದ ರಿಚರ್ಡ್ ಸ್ಟಾಲ್ಮನ್ ಮುಂದೆ ಗ್ನೂ ಯೋಜನೆಯನ್ನು ಆರಂಭಿಸಿದರಷ್ಟೆ. ರೂಟ್ ಆಗುವುದಕ್ಕೆ ಉಪಯೋಗಿಸುವ ‘ಸು’ ಆಜ್ಞೆಯನ್ನು ಕೆಲವೇ ಮಂದಿಯ ಗುಂಪಿಗೆ ಮೀಸಲಿಡುವ ಪದ್ಧತಿ ಬೇರೆ ಯುನಿಕ್ಸುಗಳಲ್ಲಿತ್ತು. ತಮ್ಮ ‘ಸು’ವಿನಲ್ಲಿ ಅದನ್ನು ಸೇರಿಸುವುದಿಲ್ಲವೆಂದು ಅವರು ಕೈಪಿಡಿಯಲ್ಲಿಯೇ ಕಾರಣಸಹಿತ ಬರೆದರು. 1984ರಲ್ಲಿ ಆ ಪ್ರಯೋಗಾಲಯದ ಒಂದು ಯಂತ್ರದ ಗುಪ್ತಪದವನ್ನು ಕೆಲವರು ಬದಲಾಯಿಸಿ ಅಧಿಕಾರವನ್ನು ಕಿತ್ತುಕೊಳ್ಳಲು ನೋಡಿದರಂತೆ. ತಾವು ವ್ಯವಸ್ಥೆಯ ಒಳಗನ್ನೇ ತಿದ್ದಿ ಆ ಕ್ರಾಂತಿಯನ್ನು ಮುರಿದು ಅಧಿಕಾರವನ್ನು ಎಲ್ಲರಿಗೂ ಮರಳಿ ಕೊಟ್ಟೆವೆಂದು ಅವರ ಹೇಳಿಕೆ. ಆಜ್ಞೆಯೊಂದರ ಕೈಪಿಡಿಯಲ್ಲಿ ಇಂಥ ರಾಜಕೀಯ ಘೋಷಣೆಯನ್ನು ಓದಿದಾಗ ನನಗೆ ಸಂತೋಷವೂ ಆಯಿತು, ಸ್ವಲ್ಪ ಅಂಜಿಕೆಯೂ ಆಯಿತು. ಹತ್ತು ಮಂದಿ ಸ್ನೇಹಿತರ ಕೋಣೆಯಲ್ಲಿ ನಡೆಯುವ ಧರ್ಮ, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲದ ಸಾವಿರ ಮಂದಿಯ ಊರಿನಲ್ಲಿ ನಡೆದೀತೆ?

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತನ್ನ ಮನೆಯ ಯಂತ್ರಕ್ಕಾಗಿ ಲಿನಕ್ಸನ್ನು ಬರೆಯತೊಡಗಿದ. ದೊಡ್ಡ ಊರಿನ ಕಾನೂನು ಸಣ್ಣ ಮನೆಗೆ ಬಂದದ್ದು ಆಗ. ಯಂತ್ರ ಒಂದು, ಕೂರುವವನು ಒಬ್ಬ. ಕಾನೂನು ಮಾತ್ರ ಸಾವಿರ ಮಂದಿಯದು. ತನ್ನ ಯಂತ್ರವನ್ನು ತಾನು ನಿಲ್ಲಿಸಬೇಕಾದರೂ ವೇಷ ಕಳಚಿ ರೂಟನ ವೇಷ ಹಾಕಬೇಕು. ಲಿನಕ್ಸಿನ ತಿರುಳಿನಲ್ಲಿ ಯಂತ್ರವನ್ನು ನಿಲ್ಲಿಸುವ ಕರೆಗೆ ಇನ್ನೂ ಒಂದು ಕಾವಲಿದೆ. ರೂಟ್ ಆಗಿದ್ದರೂ ಸಾಲದು, ಜೊತೆಗೆ ಎರಡು ಮಂತ್ರಸಂಖ್ಯೆಗಳನ್ನು ಹೇಳಬೇಕು. ಯಾವುದೋ ಪ್ರೋಗ್ರಾಮು ಅಕಸ್ಮಾತ್ತಾಗಿ ಈ ಕರೆಯನ್ನು ಮಾಡದಿರಲೆಂದು ಈ ಏರ್ಪಾಡು. ಮೊದಲನೆಯದನ್ನು ಹದಿನಾರರ ಎಣಿಕೆಯಲ್ಲಿ ಬರೆದರೆ ಇಂಗ್ಲಿಷಿನ ‘ಫೀಲ್ ಡೆಡ್’ ಎಂಬ ಮಾತಿನಂತೆ ಕಾಣುತ್ತದೆ. ಎರಡನೆಯದು 672274793; ಅದನ್ನು ಅದೇ ಎಣಿಕೆಯಲ್ಲಿ ಬರೆದರೆ 28121969 ಆಗುತ್ತದೆ. ಅದು ಟೊರ್ವಾಲ್ಡ್ಸನ ಜನ್ಮದಿನ. ಸಾವಿನ ಮಂತ್ರದ ಪಕ್ಕದಲ್ಲಿ ಹುಟ್ಟಿದ ದಿನವನ್ನಿಟ್ಟ ಹುಡುಗಾಟವಿದು.

ಲಿನಕ್ಸಿನಲ್ಲಿ ಪ್ರಜೆಗೆ ಸಿಕ್ಕಿದ ಮೊದಲ ಹಿಂಬಾಗಿಲು ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳದು. ಇವನ್ನು ಒಟ್ಟಿಗೆ ಒತ್ತುವ ಪದ್ಧತಿ 1981ರ ಐ.ಬಿ.ಎಂ. ಪಿ.ಸಿ.ಯಿಂದ ಬಂದದ್ದು; ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರು ಅದರ ಕರ್ತೃ. ಪಿ.ಸಿ.ಯಲ್ಲಿ ಅದು ಯಂತ್ರವನ್ನು ಕುತ್ತಿಗೆ ಹಿಡಿದು ನೂಕುವ ಕ್ರಮವಾಗಿತ್ತು. ಲಿನಕ್ಸಿನವರು ಅದಕ್ಕೆ ಸಭ್ಯತೆ ಕಲಿಸಿದರು. ಕೀಲಿಗಳನ್ನು ಒತ್ತಿದರೆ ಯಂತ್ರ ತಾನಾಗಿ ಷಟ್‌ಡೌನ್ ಆಜ್ಞೆಯನ್ನು ಓಡಿಸಿ, ಎಲ್ಲವನ್ನೂ ಕ್ರಮವಾಗಿ ಮುಚ್ಚಿ, ಪುನಃ ಆರಂಭವಾಗುತ್ತದೆ. ಯಾರು ಒತ್ತಿದರೆಂದು ಕೇಳುವುದಿಲ್ಲ. ಕೀಲಿಮಣೆಯ ಎದುರಿಗೆ ಕುಳಿತವನ ಕೈಗೆ ಹೇಗೂ ಗೋಡೆಯ ಪ್ಲಗ್ಗು ಎಟುಕುತ್ತದೆ. ಅವನು ಅದನ್ನು ಕೀಳುವುದಕ್ಕಿಂತ ಇದೇ ಮೇಲು ಎಂಬ ವಾದ. ಬೇಕಾದರೆ ‘ಷಟ್‌ಡೌನ್ ಡಾಟ್ ಅಲೌ’ ಎಂಬ ಕಡತದಲ್ಲಿ ಹೆಸರುಗಳನ್ನು ಬರೆದಿಟ್ಟು, ಅವರಲ್ಲೊಬ್ಬರು ಆ ಯಂತ್ರದ ಮುಂದೆ ಲಾಗಿನ್ ಆಗಿದ್ದರೆ ಮಾತ್ರ ಇದು ನಡೆಯುವಂತೆ ಮಾಡಲೂ ಅವಕಾಶವಿತ್ತು.

1990ರ ದಶಕದ ಕೊನೆಯಲ್ಲಿ ನಾನು ಓದುತ್ತಿದ್ದ ಕಾಲೇಜಿನ ಪ್ರಯೋಗಾಲಯದಲ್ಲಿ ಹತ್ತು ಹನ್ನೆರಡು ಲಿನಕ್ಸ್ ಯಂತ್ರಗಳಿದ್ದವು. ರೂಟನ ಗುಪ್ತಪದ ಒಬ್ಬ ಮೇಷ್ಟರ ಬಳಿ ಮಾತ್ರ. ಅವರು ಐದು ಗಂಟೆಯ ಬಸ್ಸಿಗೆ ಹೋಗಿಬಿಡುವರು. ನಾವು ಏಳರ ತನಕ ಕೂತಿರುವೆವು. ಸಂಜೆ ಕರೆಂಟು ಹೋಗುವುದು ಆ ಊರಿನಲ್ಲಿ ಹೊತ್ತು ಮುಳುಗುವಷ್ಟೇ ನಿಶ್ಚಯ. ಯು.ಪಿ.ಎಸ್. ಪೀಂಗುಟ್ಟತೊಡಗಿದರೆ ಹತ್ತು ನಿಮಿಷ ಅವಕಾಶ. ಷಟ್‌ಡೌನ್ ಎಂದು ಟೈಪು ಮಾಡಿದರೆ ಯಂತ್ರ ಒಪ್ಪದು. ಒಂದು ಸಂಜೆ ಹಾಗೆಯೇ ಎಲ್ಲವೂ ಆರಿ ಹೋದವು. ಬೆಳಿಗ್ಗೆ ಒಂದು ಯಂತ್ರ ಏಳಲಿಲ್ಲ. ತಪಾಸಣೆ ತನ್ನ ಕೈಯಲ್ಲಿ ಆಗದು, ಮನುಷ್ಯರೇ ಬಂದು ಸರಿಪಡಿಸಬೇಕು, ಅದಕ್ಕೆ ರೂಟನ ಗುಪ್ತಪದ ಕೊಡಿ ಎಂದು ಪರದೆಯ ಮೇಲೆ ಬರೆದು ಕೂತಿತು. ನಿಲ್ಲಿಸುವುದಕ್ಕೆ ಅಧಿಕಾರವಿಲ್ಲವೆಂದು ತಾನೇ ಹೇಳಿ, ಹಾಗೆ ನಿಲ್ಲಿಸದೆ ಆದ ಗಾಯಕ್ಕೆ ಮತ್ತೆ ಅದೇ ಅಧಿಕಾರವನ್ನು ಕೇಳುವ ಈ ನ್ಯಾಯ ನಮಗೆ ಅರ್ಥವಾಗಲಿಲ್ಲ. ಮೇಷ್ಟರು ಬಂದು ಸರಿಪಡಿಸಿದರು. ನಮ್ಮ ತರಗತಿಯ ಹುಡುಗಿಯೊಬ್ಬಳ ಮೂರು ತಿಂಗಳ ಪ್ರಾಜೆಕ್ಟು, ಹೆಸರುಗಳೆಲ್ಲ ಅಳಿದು ಬರಿಯ ಅಂಕಿಗಳಾಗಿ, ‘ಕಳೆದುಹೋಗಿ ಸಿಕ್ಕಿದ್ದು’ ಎಂಬ ಮೂಲೆಯಲ್ಲಿ ಬಿದ್ದಿತ್ತು. ಅವಳು ಆ ಅಂಕಿಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಎರಡು ದಿನ ಕೂತಳು, ಅರ್ಧದಷ್ಟು ಸಿಕ್ಕಿತು.

ಅನಂತರ ಉಪಾಯ ಕಂಡುಹಿಡಿದವನು ಪ್ರಯೋಗಾಲಯದ ಅಟೆಂಡರು. ಲಿನಕ್ಸ್ ಓದಿದವನಲ್ಲ, ನಾವು ಮೂರು ಕೀಲಿ ಒತ್ತಿ ಯಂತ್ರವನ್ನು ಪುನಃ ಆರಂಭಿಸುವುದನ್ನು ನೋಡಿದ್ದ. ಯು.ಪಿ.ಎಸ್. ಕೂಗಿದ ಕೂಡಲೇ ಅವನು ಸಾಲಾಗಿ ಎಲ್ಲ ಯಂತ್ರಗಳ ಮೂರು ಕೀಲಿ ಒತ್ತಿಕೊಂಡು ಹೋಗುವನು. ಪರದೆ ಒಮ್ಮೆ ಕಪ್ಪಾಗಿ, ಯಂತ್ರ ತನ್ನ ನೆನಪನ್ನು ಎಣಿಸತೊಡಗಿದ ಕ್ಷಣದಲ್ಲಿ, ಎಂದರೆ ಹಳೆಯದು ಮುಗಿದು ಹೊಸದು ಶುರುವಾಗುವ ಮುಂಚೆ, ಸ್ವಿಚ್ಚು ತೆಗೆಯುವನು. ಅಧಿಕಾರವಿಲ್ಲದೆ ಲಿನಕ್ಸ್ ಯಂತ್ರವನ್ನು ಕ್ರಮವಾಗಿ ನಿಲ್ಲಿಸುವ ವಿದ್ಯೆ ಆ ಕಾಲದಲ್ಲಿ ಇದೇ ಆಗಿತ್ತು. ಬೇರೆ ಊರುಗಳಲ್ಲಿಯೂ ಜನ ಹೀಗೆಯೇ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. 2001ರಲ್ಲಿ ‘ಎಕ್ಸ್ಟ್ 3’ ಎಂಬ ಹೊಸ ಕಡತ ಪದ್ಧತಿ ಲಿನಕ್ಸಿನ ತಿರುಳನ್ನು ಸೇರಿದ ಮೇಲೆ ಗಾಯ ಇಷ್ಟು ಆಳವಾಗುವುದು ತಪ್ಪಿತು. ಮಾಡಲಿರುವ ಬದಲಾವಣೆಯನ್ನು ಅದು ಮೊದಲು ಒಂದು ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ ಎದ್ದ ಮೇಲೆ ದಿನಚರಿಯನ್ನು ನೋಡಿ ಲೆಕ್ಕವನ್ನು ಸರಿದೂಗಿಸಿಕೊಳ್ಳುತ್ತದೆ.

ತಿರುಳಿನೊಳಗೇ ಇನ್ನೊಂದು ಆಪದ್ಧರ್ಮದ ದಾರಿಯಿದೆ. ಆಲ್ಟ್ ಮತ್ತು ‘ಸಿಸ್ ರಿಕ್ವೆಸ್ಟ್’ ಕೀಲಿಗಳನ್ನು ಹಿಡಿದು ಆರ್, ಇ, ಐ, ಎಸ್, ಯು, ಓ ಎಂಬ ಅಕ್ಷರಗಳನ್ನು ನಿಧಾನವಾಗಿ ಒಂದಾದ ಮೇಲೊಂದು ಒತ್ತಬೇಕು. ಕೀಲಿಮಣೆಯನ್ನು ಹಿಂದಕ್ಕೆ ಪಡೆ, ಪ್ರೋಗ್ರಾಮುಗಳಿಗೆ ಹೊರಡಲು ಹೇಳು, ಹೊರಡದವನ್ನು ನೂಕು, ಲೆಕ್ಕ ಬರೆ, ಪುಸ್ತಕ ಮುಚ್ಚು, ಆರು ಎಂದು ಕ್ರಮವಾಗಿ ಅರ್ಥ. ಯಂತ್ರ ಮೂರ್ಛೆಹೋದಂತೆ ಕಂಡಾಗಲೂ ತಿರುಳು ಬದುಕಿದ್ದರೆ ಇದು ಕೆಲಸ ಮಾಡುತ್ತದೆ, ಗುಪ್ತಪದ ಕೇಳುವುದಿಲ್ಲ. ಆದ್ದರಿಂದಲೇ ಹಲವು ಲಿನಕ್ಸ್ ಹಂಚಿಕೆಗಳವರು ಇದರ ಕೆಲವು ಅಕ್ಷರಗಳನ್ನು ಮೊದಲೇ ನಿಷ್ಕ್ರಿಯ ಮಾಡಿಟ್ಟಿರುತ್ತಾರೆ.

ಇಷ್ಟರಲ್ಲಿ ಗುಂಡಿಯ ಸ್ವಭಾವವೂ ಬದಲಾಗಿತ್ತು. ಹಳೆಯ ಯಂತ್ರದ ಸ್ವಿಚ್ಚು ನಿಜವಾಗಿಯೂ ತಂತಿಯನ್ನು ಕಡಿಯುತ್ತಿತ್ತು. 1995ರಲ್ಲಿ ಇಂಟೆಲ್ ಕಂಪೆನಿ ತಂದ ಎ.ಟಿ.ಎಕ್ಸ್. ಮಾದರಿಯಲ್ಲಿ ಗುಂಡಿ ಕೇವಲ ಒಂದು ಅರ್ಜಿಯಾಯಿತು; 1996ರ ಎ.ಸಿ.ಪಿ.ಐ. ನಿಯಮಾವಳಿಯಿಂದ ಆ ಅರ್ಜಿಯನ್ನು ಕಾರ್ಯಾಚರಣೆಯ ವ್ಯವಸ್ಥೆಯೇ ಪರಿಶೀಲಿಸುವಂತಾಯಿತು. ಗುಂಡಿಯನ್ನು ಒಮ್ಮೆ ಮುಟ್ಟಿದರೆ ರೂಟನ ಅಧಿಕಾರದಿಂದ ಓಡುತ್ತಿರುವ ಸೇವಕನೊಬ್ಬ ಅದನ್ನು ಕೇಳಿ ಯಂತ್ರವನ್ನು ಕ್ರಮವಾಗಿ ಮುಚ್ಚುತ್ತಾನೆ. ನಾಲ್ಕು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಮಾತ್ರ ಹಳೆಯ ಕಾಲದ ಹಾಗೆ ಕತ್ತು ಮುರಿಯುವುದು.

ಕೊನೆಗೆ ಬಂದದ್ದು ಈಗ ಹೆಚ್ಚಿನ ಲಿನಕ್ಸ್ ಯಂತ್ರಗಳಲ್ಲಿರುವ ಏರ್ಪಾಡು. ಎದುರಿಗೆ ಕುಳಿತವನಿಗೆ ಹೆಚ್ಚು ಹಕ್ಕು ಎಂಬ ತತ್ತ್ವವನ್ನು ರೆಡ್ ಹ್ಯಾಟಿನವರು ಮೊದಲೇ ಬೇರೊಂದು ರೀತಿಯಲ್ಲಿ ಅಳವಡಿಸಿದ್ದರು. 2000ದ ದಶಕದ ಉತ್ತರಾರ್ಧದಲ್ಲಿ ಡೇವಿಡ್ ಜೂಥೆನ್ ಬರೆದ ‘ಪಾಲಿಸಿಕಿಟ್’, ಅನಂತರ 2010ರಲ್ಲಿ ಲೆನ್ನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಹೊರಡಿಸಿದ ‘ಸಿಸ್ಟಮ್‌ಡಿ’ ಮತ್ತು ಅದರ ಅಂಗವಾಗಿ ಬಂದ ‘ಲಾಗಿನ್‌ಡಿ’, ಈ ತತ್ತ್ವವನ್ನು ಒಂದು ನ್ಯಾಯಶಾಸ್ತ್ರವಾಗಿಯೇ ಬೆಳೆಸಿದವು. ಈಗ ‘ಸಿಸ್ಟಮ್‌ಸಿಟಿಎಲ್ ಪವರ್‌ಆಫ್’ ಎಂದು ಸಾಮಾನ್ಯ ಬಳಕೆದಾರ ಟೈಪು ಮಾಡಿದರೆ ಯಂತ್ರ ವಿಚಾರಣೆ ಮಾಡುತ್ತದೆ. ನೀನು ನನ್ನ ಎದುರಿಗೇ ಕುಳಿತಿದ್ದೀಯೋ, ದೂರದ ತಂತಿಯಿಂದ ಮಾತಾಡುತ್ತಿದ್ದೀಯೋ? ಬೇರೆ ಯಾರಾದರೂ ಒಳಗಿದ್ದಾರೆಯೋ? ಯಾವುದಾದರೂ ಪ್ರೋಗ್ರಾಮು ‘ಈಗ ಬೇಡ, ಕೆಲಸ ಅರ್ಧದಲ್ಲಿದೆ’ ಎಂದು ತಡೆ ಹಾಕಿದೆಯೋ? ಎದುರಿಗೆ ಕುಳಿತು ಒಬ್ಬನೇ ಇದ್ದು ತಡೆಯೂ ಇಲ್ಲದಿದ್ದರೆ ಏನೂ ಕೇಳದೆ ನಿಲ್ಲುತ್ತದೆ. ದೂರದಿಂದ ಬಂದವನಾದರೆ, ಇಲ್ಲವೆ ಒಳಗೆ ಇನ್ನೊಬ್ಬರಿದ್ದರೆ, ಆಡಳಿತಗಾರನ ಗುಪ್ತಪದ ಬೇಕು. ನನಗೆ ಇದು ಬಹಳ ಹಿಡಿಸಿತು. ಕೋಣೆಯಲ್ಲಿ ಕೊನೆಗೆ ಉಳಿದವರು ದೀಪ ಆರಿಸಿ ಹೋಗಿ ಎನ್ನುವುದು ನಮ್ಮ ಹಾಸ್ಟೆಲುಗಳ ಹಳೆಯ ನಿಯಮ. ಇನ್ನೊಬ್ಬ ಓದುತ್ತಿರುವಾಗ ಆರಿಸಿದರೆ ಜಗಳ. ನಲವತ್ತು ವರ್ಷ ಯೋಚಿಸಿ ಯಂತ್ರದವರು ಬಂದು ಮುಟ್ಟಿದ್ದು ಈ ನಿಯಮಕ್ಕೇ.

ಆದರೆ ಅಮಲ್ದಾರನನ್ನು ನೇಮಿಸಿದ ಮೇಲೆ ಅವನ ಮೇಲೂ ಕಣ್ಣಿಡಬೇಕಾಗುತ್ತದೆ. ಪಾಲಿಸಿಕಿಟ್ಟಿನ ಜೊತೆಗೆ ಬರುವ ‘ಪಿಕೆ ಎಕ್ಸೆಕ್’ ಎಂಬ ಪ್ರೋಗ್ರಾಮಿಗೆ ರಿಚಿಯ ಹಳೆಯ ಸೆಟ್ ಯುಐಡಿ ಗುರುತು ಇರುತ್ತದೆ. ಯಾವ ಪ್ರೋಗ್ರಾಮನ್ನು ಕರೆದರೂ ಅದರ ಹೆಸರಾದರೂ ಮೊದಲ ಮಾತಾಗಿ ಬಂದೇ ಬರುತ್ತದೆಂದು ಅದನ್ನು ಬರೆದವರು ನಂಬಿದ್ದರು. ಏನೂ ಹೇಳದೆ ಮೌನವಾಗಿ ಕರೆದರೆ ಅದು ತನ್ನದಲ್ಲದ ಜಾಗದಲ್ಲಿ ಓದಿ ಬರೆದು ಎಡವುತ್ತಿತ್ತು. ಎಡವಿದವನ ಕೈಯಿಂದ ಜಾರಿದ ಬೀಗದ ಕೈಯನ್ನು ಯಾವ ಬಳಕೆದಾರನಾದರೂ ಎತ್ತಿಕೊಂಡು ರೂಟ್ ಆಗಬಹುದಾಗಿತ್ತು. 2009ರಿಂದ ಇದ್ದ ಈ ದೋಷವನ್ನು ಕ್ವಾಲಿಸ್ ಎಂಬ ಸಂಸ್ಥೆಯವರು 2022ರ ಜನವರಿಯಲ್ಲಿ ಪ್ರಕಟಿಸಿದರು. ಹನ್ನೆರಡು ವರ್ಷಗಳ ಮೇಲೆ! ಪ್ರಜೆಗೆ ಸ್ವಲ್ಪ ಅಧಿಕಾರವನ್ನು ಕ್ರಮವಾಗಿ ಹಂಚಲೆಂದು ಕಟ್ಟಿದ ಕಚೇರಿಯ ಗೋಡೆಯಲ್ಲಿಯೇ ಕನ್ನವಿತ್ತು. ತಿದ್ದುಪಡಿ ಕೂಡಲೇ ಬಂದಿತು. ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಐದು ಗಂಟೆಯ ಬಸ್ಸಿಗೆ ಹೋಗುವ ಒಬ್ಬರ ಜೇಬಿನಲ್ಲಿ ಎಲ್ಲರ ಬೀಗದ ಕೈ ಇದ್ದ ಕಾಲವನ್ನು ನಾನು ಕಂಡಿದ್ದೇನೆ.

ಇತ್ತೀಚೆಗೆ ಸ್ನೇಹಿತರೊಬ್ಬರ ಆಫೀಸಿನಲ್ಲಿ, ಹಲವರು ಬಳಸುವ ಯಂತ್ರವೊಂದನ್ನು ನಿಲ್ಲಿಸಲು ಅವರು ಆಜ್ಞೆ ಕೊಟ್ಟದ್ದನ್ನು ಪಕ್ಕದಲ್ಲಿ ನಿಂತು ನೋಡಿದೆ. ಯಂತ್ರ ನಿಲ್ಲಲಿಲ್ಲ. ಇಂಥವರು ಇನ್ನೂ ಒಳಗಿದ್ದಾರೆ, ಅವರು ಹೊರಟ ಮೇಲೆ ಮತ್ತೆ ಪ್ರಯತ್ನಿಸಿ ಎಂದು ಆ ಇನ್ನೊಬ್ಬರ ಹೆಸರನ್ನೇ ಬರೆದು ತೋರಿಸಿತು. ಸ್ನೇಹಿತರು ಎದ್ದು ಹೋಗಿ ಅವರನ್ನು ಹುಡುಕಿದರು. ಅವರು ಕೆಳಗೆ ಕಾಫಿ ಕುಡಿಯುತ್ತಿದ್ದರು. ಬಂದು ತಮ್ಮ ಕಡತವನ್ನು ಉಳಿಸಿ, ‘ಈಗ ಆರಿಸಿ’ ಎಂದರು.